ಬಂಗು, ಮೊಡವೆ ಕಲೆ, ಲೇಸರ್: ಒಂದು ಸಿಂಹಾವಲೋಕನ

ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದೇ ವರ್ಷ, ಬಾರಾಮತಿಯಲ್ಲಿ ಹುಟ್ಟಿ ಅಮೆರಿಕದ ಬೆಲ್ ಪ್ರಯೋಗಾಲಯ ಸೇರಿದ್ದ ಕುಮಾರ್ ಪಟೇಲ್ ಕಾರ್ಬನ್ ಡೈಆಕ್ಸೈಡ್ ಲೇಸರನ್ನು ಕಂಡುಹಿಡಿದರು. ಊರುಗಳನ್ನು ಮುಳುಗಿಸಿದ ಅಣೆಕಟ್ಟು ಏನು ಮಾಡಿತೆಂದು ಸಾಗರ, ಹೊಸನಗರದವರಿಗೆ ಕೂಡಲೇ ಗೊತ್ತಾಯಿತು. ಲೇಸರ್ ನಮ್ಮ ಕಡೆಯವರ ಮುಖ ಮುಟ್ಟಲು ದಶಕಗಳೇ ಬೇಕಾದವು. ಈಗ ಮದುವೆ ಗೊತ್ತಾದ ಕೂಡಲೇ ಶಿವಮೊಗ್ಗಕ್ಕೋ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ಬೆಂಗಳೂರಿಗೋ ಹೋಗಿ ಮೊಡವೆ ಗುಳಿಗಳಿಗೆ ಲೇಸರ್ ಹೊಡೆಸಿಕೊಂಡು ಬರುವವರಲ್ಲಿ ಹುಡುಗರೂ ಇದ್ದಾರೆ. ಇಷ್ಟು ವರ್ಷಗಳಲ್ಲಿ ಯಂತ್ರ ಎಷ್ಟು ಬದಲಾಯಿತು, ಅಪಾಯ ಎಷ್ಟು ತಗ್ಗಿತು ಎಂಬುದನ್ನು ಒಮ್ಮೆ ಲೆಕ್ಕ ಹಾಕಬೇಕು.

ಈ ಲೇಸರಿನ 10,600 ನ್ಯಾನೋಮೀಟರ್ ತರಂಗವನ್ನು ಚರ್ಮದಲ್ಲಿರುವ ನೀರು ಹೀರಿಕೊಳ್ಳುತ್ತದೆ. ಮೇಲ್ಪದರ ಕ್ಷಣಾರ್ಧದಲ್ಲಿ ಆವಿಯಾಗುತ್ತದೆ. ಕೆಳಗಿನ ಪದರಕ್ಕೆ ಕಾವು ತಾಗಿ ಹೊಸ ಕೊಲಾಜನ್ ಹುಟ್ಟುತ್ತದೆ. 1990ರ ದಶಕದಲ್ಲಿ ಪಶ್ಚಿಮ ದೇಶಗಳಲ್ಲಿ ಇಡೀ ಮುಖದ ಪದರವನ್ನೇ ಹೀಗೆ ತೆಗೆಯುತ್ತಿದ್ದರು. ಸುಕ್ಕು, ಗುಳಿಗಳ ಮಟ್ಟಿಗೆ ಅಷ್ಟು ಫಲ ಕೊಡುವ ವಿಧಾನ ಇನ್ನೊಂದಿಲ್ಲ ಎಂದು ಹೇಳುವ ವೈದ್ಯರು ಈಗಲೂ ಇದ್ದಾರೆ. ಆದರೆ ಒಂದೆರಡು ವಾರ ಹಸಿಗಾಯ, ತಿಂಗಳುಗಟ್ಟಲೆ ಕೆಂಪು, ಕೆಲವರಿಗೆ ಸೋಂಕು, ಕೆಲವರಿಗೆ ಗಾಯದ ಕಲೆ. ಎಲ್ಲಕ್ಕಿಂತ ಕೆಟ್ಟದ್ದು ತಡವಾಗಿ ಬರುತ್ತಿತ್ತು: ಎಲ್ಲ ಮಾಯಿತು ಅಂದುಕೊಂಡ ಆರು ತಿಂಗಳು, ವರ್ಷದ ನಂತರ ಚರ್ಮ ಬಿಳಚಿಕೊಂಡು, ಆ ಬಿಳುಪು ಶಾಶ್ವತವಾಗಿ ಉಳಿಯುವುದು.

ಆಮೇಲೆ ಬಂದ 2,940 ನ್ಯಾನೋಮೀಟರಿನ ಅರ್ಬಿಯಂ ಲೇಸರನ್ನು ನೀರು ಹತ್ತು ಪಟ್ಟಿಗೂ ಹೆಚ್ಚು ಹೀರಿಕೊಳ್ಳುತ್ತದೆ. ಹಾಗಾಗಿ ಸುತ್ತಲಿನ ಚರ್ಮಕ್ಕೆ ಕಾವು ಕಡಿಮೆ, ಗಾಯ ಬೇಗ ಒಣಗುತ್ತದೆ. ಚರ್ಮಕ್ಕೆ ಸಿಗುವ ಬಿಗಿತವೂ ಕಡಿಮೆ. ನಿಜವಾದ ತಿರುವು 2004ರಲ್ಲಿ ಪ್ರಕಟವಾದ ಫ್ರ್ಯಾಕ್ಷನಲ್ ವಿಧಾನ. ಗದ್ದೆ ನೆಟ್ಟಿಯಲ್ಲಿ ಸಸಿಗಳ ನಡುವೆ ಜಾಗ ಬಿಟ್ಟ ಹಾಗೆ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ನಡುವೆ ಚರ್ಮವನ್ನು ಮುಟ್ಟದೆ ಬಿಡುವುದು. ಮಾಯುವುದು ದಿನಗಳ ಲೆಕ್ಕಕ್ಕೆ ಇಳಿಯಿತು. ಬದಲಿಗೆ ಒಂದು ಸಲದಲ್ಲಿ ಮುಗಿಯುತ್ತಿದ್ದದ್ದು ನಾಲ್ಕೈದು ಸಲಕ್ಕೆ ಹೋಯಿತು. ಇಂದು ‘ಲೇಸರ್ ಮಾಡಿಸಿದೆ’ ಎನ್ನುವ ಹೆಚ್ಚಿನವರು ಮಾಡಿಸಿಕೊಂಡಿರುವುದು ಇದನ್ನೇ.

ಇದೆಲ್ಲ ಬಿಳಿ ಚರ್ಮದ ಮೇಲೆ ಪಳಗಿದ ವಿದ್ಯೆ ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಅಮೆರಿಕದ ಚರ್ಮವೈದ್ಯ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ಬಿಸಿಲಿಗೆ ಸುಡುವ, ಕಪ್ಪಾಗುವ ಸ್ವಭಾವದ ಪ್ರಕಾರ ಚರ್ಮವನ್ನು ವಿಂಗಡಿಸಿದಾಗ ಕಂದು, ಕಪ್ಪು ಚರ್ಮಗಳಿಗೆ ಜಾಗವೇ ಇರಲಿಲ್ಲ; 5 ಮತ್ತು 6ನೇ ವರ್ಗ ಆಮೇಲೆ ಸೇರಿದವು. ನಮ್ಮಲ್ಲಿ ಬಹುತೇಕರು 4, 5ರವರು. ಇಂಥ ಚರ್ಮಕ್ಕೆ ಯಾವ ಪೆಟ್ಟು ಬಿದ್ದರೂ ಕಪ್ಪಾಗುವ ಸ್ವಭಾವ. ಗುಳಿ ತುಂಬಿತು, ಅದರ ಸುತ್ತ ಕಪ್ಪು ಕೂತಿತು ಎಂದರೆ ಏನು ಬಂತು? ಗುಳಿಗಳಿಗೆ ಸೂಜಿ ಚುಚ್ಚುವ ಮೈಕ್ರೋನೀಡ್ಲಿಂಗಿನಲ್ಲಿ ಈ ಕಪ್ಪಿನ ಭಯ ಕಡಿಮೆ. ಹೊಳೆಯುವ ಯಂತ್ರವಿಲ್ಲದ್ದರಿಂದ ಅದಕ್ಕೆ ಮರ್ಯಾದೆಯೂ ಕಡಿಮೆ.

ಬಂಗಿನ ಕಥೆ ಇನ್ನೂ ಗೋಜಲು. ಕೆನ್ನೆ, ಹಣೆಯ ಮೇಲಿನ ಈ ಕಂದು ಕಲೆಗೆ ಬಿಸಿಲು, ಬಸಿರು, ಹಾರ್ಮೋನ್, ವಂಶ ಎಲ್ಲವೂ ಕಾರಣ. ಕಾವೂ ಸೇರಿದರೆ ಇನ್ನಷ್ಟು ಏರುತ್ತದೆ. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಂತು, ಮರುದಿನ ಅದನ್ನೇ ಬಿಸಿಲಲ್ಲಿ ಹರವುವ ಹೆಂಗಸಿನ ಮುಖಕ್ಕೆ ಎರಡೂ ಸಿಗುತ್ತವೆ. ಲೇಸರ್ ಕೂಡ ಕಾವೇ ತಾನೆ? 1,064 ನ್ಯಾನೋಮೀಟರಿನ ಕಡಿಮೆ ಶಕ್ತಿಯ ‘ಟೋನಿಂಗ್’ ಬಂಗನ್ನು ತಿಳಿಯಾಗಿಸುವುದುಂಟು. ನಿಲ್ಲಿಸಿದ ಮೇಲೆ ಮರಳಿ ಬರುವುದೂ, ಪದೇ ಪದೇ ಮಾಡಿಸಿದವರಿಗೆ ಚುಕ್ಕಿ ಚುಕ್ಕಿಯಾಗಿ ಬಿಳಿ ಕಲೆ ಬೀಳುವುದೂ ಉಂಟು. ಬಂಗಿಗೆ ಲೇಸರನ್ನೇ ಮೊದಲ ಮದ್ದು ಎನ್ನುವವರ ಮಾತನ್ನು ನಾವಂತೂ ನಂಬುವುದಿಲ್ಲ. ಕಬ್ಬಿಣದ ಆಕ್ಸೈಡ್ ಸೇರಿದ ಬಣ್ಣದ ಸನ್‌ಸ್ಕ್ರೀನ್, ಅಗಲ ಅಂಚಿನ ಟೋಪಿ, ವೈದ್ಯರು ಅವಧಿ ಹೇಳಿ ಬರೆದುಕೊಟ್ಟ ಮುಲಾಮು, ಇವು ಮೊದಲು.

ಅವಧಿ ಎಂದದ್ದಕ್ಕೆ ಕಾರಣವಿದೆ. ಹೈಡ್ರೋಕ್ವಿನೋನ್, ಟ್ರೆಟಿನಾಯ್ನ್ ಜೊತೆಗೆ ಸ್ಟಿರಾಯ್ಡ್ ಬೆರೆತ ಮುಲಾಮನ್ನು ‘ಬೆಳ್ಳಗಾಗುವ ಕ್ರೀಮ್’ ಎಂದು ಒಬ್ಬರ ಬಾಯಿಂದ ಒಬ್ಬರು ಕೇಳಿ ಮೆಡಿಕಲ್ ಅಂಗಡಿಯಲ್ಲಿ ಕೊಂಡು ವರ್ಷಗಟ್ಟಲೆ ಹಚ್ಚುವವರು ಎಷ್ಟೋ ಜನ. ಚರ್ಮ ತೆಳುವಾಗಿ, ಕೆಂಪಾಗಿ, ಕೂದಲು ಹುಟ್ಟಿ, ಬಿಟ್ಟ ಕೂಡಲೇ ಉರಿಯೇಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದಿತು. ನಿಯಮ ಕಾಗದದಲ್ಲಿದೆ, ಟ್ಯೂಬು ಕೈಗೆ ಸಿಗುತ್ತಲೇ ಇದೆ. ಹೀಗೆ ಮುಲಾಮಿನಿಂದ ತೆಳುವಾದ ಮುಖದ ಮೇಲೆ ಲೇಸರ್ ಬಿದ್ದರೆ ದೂರು ಹೋಗುವುದು ಲೇಸರಿನ ಮೇಲೆ. ಏನು ಹಚ್ಚಿಕೊಂಡಿದ್ದೆ, ಮೊಡವೆಗೆ ಐಸೋಟ್ರೆಟಿನಾಯ್ನ್ ಮಾತ್ರೆ ನುಂಗಿದ್ದೆನೇ, ತುಟಿಯ ಮೇಲೆ ಹಿಂದೆ ಹರ್ಪಿಸ್ ಗುಳ್ಳೆ ಎದ್ದಿತ್ತೇ ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಹರ್ಪಿಸ್ ಇದ್ದವರಿಗೆ ಮೊದಲೇ ಮಾತ್ರೆ ಕೊಡುತ್ತಾರೆ.

ಮದುವೆಗಳು ಹೆಚ್ಚು ನಡೆಯುವುದು ಏಪ್ರಿಲ್, ಮೇ ಬಿಸಿಲಲ್ಲಿ. ಅದಕ್ಕೆ ಮೂರು ವಾರ ಮುಂಚೆ ಲೇಸರಿಗೆ ಹೋಗುವುದಕ್ಕಿಂತ ಕೆಟ್ಟ ಮುಹೂರ್ತವಿಲ್ಲ. ಮಳೆಗಾಲ ಬಿಸಿಲಿನ ಮಟ್ಟಿಗೆ ವಾಸಿ. ತೀರ್ಥಹಳ್ಳಿಯ ಆಷಾಢದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಹಸಿ ಚರ್ಮಕ್ಕೆ ಬೂಷ್ಟಿನ ಸೋಂಕಿನ ಎಚ್ಚರ ಬೇಕು, ಅಷ್ಟೇ.

ಇನ್ನು ದೂರದ ಮಾತು. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್. ಲೇಸರ್ ಮಾಡಿಸಿದ ದಿನ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಕೀವು, ಗುಳ್ಳೆ ಕಾಣಿಸಿಕೊಳ್ಳುವುದು ಮನೆಗೆ ಬಂದ ಮೇಲೆ. ಹೋಗುವ ಜಾಗಕ್ಕೆ ಪರವಾನಗಿ ಇದೆಯೇ ಎಂಬುದನ್ನೂ ನೋಡಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಕಿರುತೆರೆಯ ಯುವನಟಿಯೊಬ್ಬರು ತೀರಿಕೊಂಡಾಗ ಸೌಂದರ್ಯ ಚಿಕಿತ್ಸಾಲಯಗಳ ಪರವಾನಗಿಯ ಬಗ್ಗೆ ರಾಜ್ಯವಿಡೀ ಮಾತಾಡಿತು, ಮರೆತಿತು. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದಲೇ ಇದೆ, ನೋಂದಣಿ ಇಲ್ಲದೆ ಕ್ಲಿನಿಕ್ ನಡೆಸುವಂತಿಲ್ಲ. ಪಾರ್ಲರಿನಲ್ಲಿ ‘ಲೇಸರ್ ಫೇಶಿಯಲ್’ ಎಂಬ ಫಲಕ ಕಂಡರೆ ಒಳಗೆ ಚರ್ಮವೈದ್ಯರು ಇದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ. ಕಿವಿಯ ಹಿಂದೆ ಒಂದು ಚುಕ್ಕಿಯಷ್ಟು ಜಾಗದಲ್ಲಿ ಪರೀಕ್ಷೆ ಮಾಡಿ, ಕೆಲವು ವಾರ ಕಾದು ನೋಡುವಂತೆ ಕೇಳಿ. ಯಾವ ಲೇಸರ್, ಎಷ್ಟು ಶಕ್ತಿ, ಎಷ್ಟು ದಟ್ಟ ಎಂಬುದನ್ನು ಪ್ರತಿ ಸಲವೂ ಚೀಟಿಯಲ್ಲಿ ಬರೆಸಿಕೊಳ್ಳಿ. ವರ್ಷದ ನಂತರ ಬಿಳಿ ಕಲೆ ಬಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ಮಣಿಪಾಲದಲ್ಲೋ ನೋಡುವ ಹೊಸ ವೈದ್ಯರು ಮೊದಲು ಕೇಳುವುದು ಆ ಚೀಟಿಯನ್ನೇ.