ಚೀಲದಲ್ಲಿ ಸೋಲುವ ಹತ್ತಿ

ಗದಗ ಸೀಮೆಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರದ ರೆಕ್ಕೆಯೊಳಗೆ ಇರುವುದು ಗಾಜಿನ ನೂಲು. ಕರಗಿಸಿದ ಗಾಜನ್ನು ಕೂದಲಿಗಿಂತ ತೆಳ್ಳಗೆ ಎಳೆದು ಉಂಡೆ ಸುತ್ತುತ್ತಾರೆ. ಆ ಉಂಡೆ ಕಾರ್ಖಾನೆಯಿಂದ ಹೊರಬೀಳುವ ಮೊದಲು ಅದಕ್ಕೆ ಆಗುವ ಉಪಚಾರ ದೊಡ್ಡದು. ಮೈಗೆ ಪ್ಲಾಸ್ಟಿಕ್ ಹೊದಿಕೆ, ಸಾಲುಗಳ ನಡುವೆ ರಟ್ಟು, ಅಡಿಗೆ ಕಟ್ಟಿಗೆಯ ಪ್ಯಾಲೆಟ್, ಮೇಲೆ ಯಾವ ದಿನ, ಯಾವ ತಂಡದ ಮಾಲು ಎಂಬ ಚೀಟಿ. ನೂಲಿನ ಮೇಲಿನ ತೆಳು ಲೇಪಕ್ಕೆ ತೇವ ತಾಗಿದರೆ ರಾಳ ಸರಿಯಾಗಿ ಹಿಡಿಯುವುದಿಲ್ಲ, ರೆಕ್ಕೆಯ ಬಲ ಕುಂದುತ್ತದೆ. ಅದಕ್ಕೇ ಇಷ್ಟು ಜೋಪಾನ.

ಆ ಗುಡ್ಡಗಳಿಂದ ದೂರವಿಲ್ಲದ ಧಾರವಾಡ ಸೀಮೆಯ ಅಣ್ಣಿಗೇರಿ, ನವಲಗುಂದ, ಕುಂದಗೋಳದ ಎರಿ ಹೊಲದಲ್ಲಿ ಬೆಳೆಯುವುದೂ ಎಳೆಯೇ, ಹತ್ತಿಯ ಎಳೆ. ಬಿಡಿಸುವ ಹೆಣ್ಣುಮಕ್ಕಳು ಉಡಿ ತುಂಬಿದಾಗ ಬದುವಿಗೆ ಬಂದು ಸುರಿಯುವುದು ಖಾಲಿಯಾದ ಯೂರಿಯಾ ಚೀಲಕ್ಕೆ. ಬಿಸಿಲಿಗೆ ಜೀರ್ಣವಾದ ಆ ಚೀಲವನ್ನು ಅಲುಗಿಸಿದರೆ ಸಾಕು, ಅಂಚಿನಿಂದ ಬಿಳಿ ಎಳೆಗಳು ಕಳಚಿ ಹತ್ತಿಯೊಳಗೆ ಸೇರುತ್ತವೆ. ಬಾಯಿ ಕಟ್ಟಲು ಸುತಳಿ ಸಿಗದಿದ್ದರೆ ಇನ್ನೊಂದು ಚೀಲದಿಂದ ಅದೇ ಪ್ಲಾಸ್ಟಿಕ್ ಎಳೆಯನ್ನು ಕಿತ್ತು ಬಿಗಿಯುತ್ತೇವೆ. ಬಿಳಿಯೊಳಗೆ ಬಿಳಿ, ಯಾರ ಕಣ್ಣಿಗೂ ಬೀಳುವುದಿಲ್ಲ.

ಅದು ಕಣ್ಣಿಗೆ ಬೀಳುವುದು ಬಹಳ ತಡವಾಗಿ. ಬೀಜದಿಂದ ಅರಳೆ ಬೇರ್ಪಡಿಸುವ ಜಿನ್ನಿನ ಯಂತ್ರದಲ್ಲಿ ಒಂದು ಪ್ಲಾಸ್ಟಿಕ್ ಎಳೆ ಹತ್ತಾರು ಚೂರಾಗಿ ಅರಳೆಯಲ್ಲಿ ಹರಡುತ್ತದೆ. ನೂಲಾಗಿ, ಬಟ್ಟೆಯಾಗಿ, ಬಣ್ಣದ ತೊಟ್ಟಿಗೆ ಇಳಿದಾಗ ಹತ್ತಿ ಬಣ್ಣ ಕುಡಿಯುತ್ತದೆ, ಪ್ಲಾಸ್ಟಿಕ್ ಕುಡಿಯುವುದಿಲ್ಲ. ಕಡುನೀಲಿ ಬಟ್ಟೆಯ ಮೇಲೆ ಬಿಳಿ ಗೀರು ಏಳುತ್ತದೆ, ಆ ಬಟ್ಟೆ ಎರಡನೇ ದರ್ಜೆಗೆ ಬೀಳುತ್ತದೆ. ನೂಲಿನ ಗಿರಣಿಗಳು ಇದನ್ನು ತಡೆಯಲು ಕ್ಯಾಮೆರಾ ಹಚ್ಚಿದ ಯಂತ್ರ ಕೂಡಿಸುತ್ತವೆ, ಜನರನ್ನಿಟ್ಟು ಆರಿಸುತ್ತವೆ. ಆ ಖರ್ಚನ್ನೆಲ್ಲ ಹತ್ತಿಯ ದರದಲ್ಲೇ ಮುರಿದುಕೊಳ್ಳುತ್ತವೆ. ಜಗತ್ತಿನ ಗಿರಣಿಗಳ ಸಮೀಕ್ಷೆಗಳಲ್ಲಿ ಭಾರತದ ಹಲವು ಹತ್ತಿಗಳು ಅತಿ ಹೆಚ್ಚು ಕಲಬೆರಕೆಯವುಗಳ ಸಾಲಿನಲ್ಲಿ ಕಾಣಿಸಿಕೊಂಡಿವೆ.

ಇದು ತಳಿಯ ದೋಷವಲ್ಲ. ಜಗತ್ತಿನಲ್ಲೇ ಮೊದಲ ಅಂತರ್‌ಪ್ರಭೇದ ಹೈಬ್ರಿಡ್ ಹತ್ತಿ ‘ವರಲಕ್ಷ್ಮಿ’ಯನ್ನು ಡಾ. ಬಿ.ಎಚ್. ಕಟರಕಿ ಅವರು 1972ರಲ್ಲಿ ಕೊಟ್ಟದ್ದು ಇದೇ ಧಾರವಾಡದಿಂದ. ಉದ್ದ ಎಳೆಯ ಡಿಸಿಎಚ್-32 ಬಂದದ್ದೂ ಇಲ್ಲಿಂದಲೇ. ಎಳೆಯ ಉದ್ದಕ್ಕಾಗಿ ವಿಜ್ಞಾನ ಪಟ್ಟ ಶ್ರಮದ ಫಲ ಹೊಲದ ಬದುವಿನ ಮೇಲೆ ಒಂದು ಹರಕು ಚೀಲದಲ್ಲಿ ಸೋರಿಹೋಗುತ್ತಿದೆ.

ಮಾಲಿನ ಹೆಸರು ಕಟ್ಟುವ ಮತ್ತು ಸಾಗಿಸುವ ದಾರಿಯಲ್ಲೇ ನಿಲ್ಲುತ್ತದೆ ಎಂಬುದಕ್ಕೆ ನಮ್ಮದೇ ಇತಿಹಾಸ ಸಾಕ್ಷಿ. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತುಗಳ ಬೆನ್ನ ಮೇಲೆ ಘಟ್ಟ ಇಳಿದು ಕುಮಟಾ ಬಂದರು ಸೇರಿ ಮುಂಬೈಗೆ ಹೋಗುತ್ತಿತ್ತು. ಬೆಳೆದವರು ನಾವಾದರೂ ಮಾರುಕಟ್ಟೆ ಅದನ್ನು ಕರೆದದ್ದು ‘ಕುಮಟಾ’ ಹತ್ತಿ ಎಂದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಬೇಡಿಕೆ ಏರಿದಾಗ ಕಲಬೆರಕೆಯೂ ಏರಿತು. 1863ರಲ್ಲಿ ಮುಂಬೈ ಸರ್ಕಾರ ಹತ್ತಿ ವಂಚನೆ ತಡೆಗೆ ಕಾನೂನನ್ನೇ ತಂದಿತು, ತಪಾಸಣೆ ಮತ್ತು ಶಿಕ್ಷೆ ಅದರ ಆಧಾರವಾಗಿದ್ದವು. ನೂರಅರವತ್ತು ವರ್ಷಗಳ ಬಳಿಕವೂ ನಮ್ಮ ಯೋಚನೆ ಶಿಕ್ಷೆಯ ಸುತ್ತಲೇ ಸುತ್ತುತ್ತಿದೆ. ಜಿನ್ನಿನಲ್ಲಿ ಅರಳೆ ಒತ್ತಿ ಕಟ್ಟುವ ಬೇಲ್‌ಗಳ ಗುಣಮಟ್ಟ ನಿಯಂತ್ರಣಕ್ಕೆ ಕೇಂದ್ರ 2023ರಲ್ಲಿ ಆದೇಶ ಹೊರಡಿಸಿತು, ಜಿನ್ನಿಂಗ್ ಉದ್ಯಮದ ವಿರೋಧದ ನಡುವೆ ಅದರ ಜಾರಿಯನ್ನು ಮುಂದೂಡಲಾಯಿತು.

ರೈತನಿಗೆ ಅಜಾಗ್ರತೆ ಎಂದು ಬೈಯುವವರು ಒಂದು ಮಾತು ಗಮನಿಸಬೇಕು. ಭಾರತೀಯ ಹತ್ತಿ ನಿಗಮದ ಖರೀದಿಯಲ್ಲಿ ತೇವಾಂಶ ಶೇ 8 ದಾಟಿದರೆ ದರ ಕಡಿತ, ಶೇ 12 ದಾಟಿದರೆ ಹತ್ತಿ ವಾಪಸ್. ಅದಕ್ಕೇ ರೈತ ಅಂಗಳದಲ್ಲಿ ತಾಡಪತ್ರಿ ಹಾಸಿ ಹತ್ತಿ ಒಣಗಿಸುತ್ತಾನೆ. ತೇವಕ್ಕೆ ರೂಪಾಯಿಯ ಲೆಕ್ಕವಿದೆ. ಪ್ಲಾಸ್ಟಿಕ್ ಎಳೆ ಇಲ್ಲದ ಹತ್ತಿಗೆ ಆ ಲೆಕ್ಕ ಇಲ್ಲ. 2025–26ರ ಬೆಂಬಲ ಬೆಲೆ ಮಧ್ಯಮ ಎಳೆಗೆ ಕ್ವಿಂಟಲ್‌ಗೆ ₹7,710, ಉದ್ದ ಎಳೆಗೆ ₹8,110. ಅರಿವೆಯ ಚೀಲದಲ್ಲಿ ತಂದವನಿಗೂ ಗೊಬ್ಬರದ ಚೀಲದಲ್ಲಿ ತಂದವನಿಗೂ ಒಂದೇ ದರವಾದರೆ ಅರಿವೆ ಚೀಲಕ್ಕೆ ದುಡ್ಡು ಹಾಕುವವರು ಯಾರು? ಅಡತಿ ಅಂಗಡಿಯ ಮುಂದೆ ಇಬ್ಬರ ಮಾಲೂ ಒಂದೇ ರಾಶಿಗೆ ಬಿದ್ದ ಮೇಲೆ ಶುದ್ಧ ಹತ್ತಿ ಯಾರದು ಎಂದು ಹೇಳುವವರೂ ಇಲ್ಲ.

‘ಕಸ್ತೂರಿ ಕಾಟನ್’ ಯೋಜನೆ 170 ಕಿಲೋ ತೂಕದ ಪ್ರತಿ ಬೇಲ್‌ಗೆ ಕ್ಯೂಆರ್ ಕೋಡ್ ಹಚ್ಚಿ ಮೂಲ ಗುರುತಿಸಲು ಹೊರಟಿದೆ. ಹೆಜ್ಜೆ ಒಳ್ಳೆಯದು, ಆದರೆ ಆ ಗುರುತು ಹತ್ತುವುದು ಜಿನ್ನಿನಲ್ಲಿ. ಕೇಡು ನಡೆಯುವುದು ಅದಕ್ಕೂ ಮುಂಚೆ, ಹೊಲ ಮತ್ತು ಜಿನ್ನಿನ ನಡುವೆ. ಗಾಜಿನ ನೂಲಿಗೆ ಚೀಟಿ ಹಚ್ಚುವುದು ಅದು ಹುಟ್ಟಿದ ಜಾಗದಲ್ಲೇ. ಕಟ್ಟುವ ಖರ್ಚೂ ಅದರ ದರದೊಳಗೇ ಇರುತ್ತದೆ, ಕೊಳ್ಳುವವನು ಅದನ್ನು ಕೊಡುತ್ತಾನೆ.

ಹತ್ತಿಗೂ ಅದೇ ನ್ಯಾಯ ಸಿಗಬೇಕು. ಎಪಿಎಂಸಿಗಳು ಸುಗ್ಗಿಗೆ ಮೊದಲೇ ಹತ್ತಿಬಟ್ಟೆಯ ಚೀಲಗಳನ್ನು ಠೇವಣಿ ಪಡೆದು ಕೊಡಲಿ, ಜಿನ್ನಿನಲ್ಲಿ ಖಾಲಿಯಾದ ಚೀಲ ಮರಳಿದಾಗ ಠೇವಣಿ ಮರಳಲಿ. ಗೋಣಿ ತಟ್ಟಿನ ಹಳೆಯ ಅಂಡಿಗೆಗೆ ಹಿಂದಿರುಗಿದರೆ ಸಾಲದು, ಸೆಣಬಿನ ಎಳೆಯೂ ಹತ್ತಿಗೆ ಕಲಬೆರಕೆಯೇ. ಅರಿವೆ ಚೀಲದ ಹತ್ತಿಗೆ ಪ್ರತ್ಯೇಕ ಕಟ್ಟೆ, ಪ್ರತ್ಯೇಕ ಸವಾಲು ಇರಲಿ. ಖರೀದಿ ನಿಯಮದಲ್ಲಿ ತೇವದ ಕಡಿತದ ಪಕ್ಕದಲ್ಲೇ ಶುದ್ಧತೆಗೆ ಹೆಚ್ಚುವರಿ ದರದ ಕಲಮು ಬರಲಿ. ಬಿಡಿಸುವ ಕೂಲಿಕಾರ ಹೆಣ್ಣುಮಕ್ಕಳಿಗೂ ಅದರಲ್ಲಿ ಪಾಲು ಸಿಗಲಿ, ಮೊದಲ ಪ್ಯಾಕಿಂಗ್ ಅವರ ಕೈಯಲ್ಲೇ ಆಗುವುದು.

ಚೀಲದ ಖರ್ಚನ್ನು ಇಂದು ಯಾರೂ ಹೊರುತ್ತಿಲ್ಲ ಎಂದು ಕಾಣುತ್ತದೆ. ವಾಸ್ತವದಲ್ಲಿ ಪ್ರತಿ ಸುಗ್ಗಿಯಲ್ಲೂ ಕಡಿಮೆ ದರದ ರೂಪದಲ್ಲಿ ಅದನ್ನು ಹೊರುತ್ತಿರುವವನು ರೈತನೇ, ಅರಿವೆ ಚೀಲ ಕೊಳ್ಳದೆಯೇ.