ಲೈನ್ ಮನೆಗೂ ಒಂದು ಫೋನು ಇರಲಿ

ಮಳೆಗಾಲ ಬಂತೆಂದರೆ ಭಾಗಮಂಡಲದಲ್ಲಿ ಎರಡು ಸಂಗತಿಗಳು ನಿಶ್ಚಯ. ಕಾವೇರಿ, ಕನ್ನಿಕೆಯರು ತುಂಬಿ ಸಂಗಮದ ಸುತ್ತ ನೀರು ನಿಲ್ಲುವುದು ಒಂದು. ಕರೆಂಟು ಹೋಗಿ ಮೊಬೈಲು ಮೂಕವಾಗುವುದು ಇನ್ನೊಂದು. ಮೊದಲನೆಯದು ದೈವಾಧೀನ. ಎರಡನೆಯದಕ್ಕೆ ಮಾತ್ರ ಸಣ್ಣ ಬೆಳೆಗಾರನೂ ತನ್ನ ಮಟ್ಟಿಗೆ ಪರಿಹಾರ ಕಂಡುಕೊಳ್ಳಬಹುದು ಎಂಬುದು ನಮ್ಮ ಅನುಭವ. ಅದನ್ನು ಸದಸ್ಯ ಬಂಧುಗಳ ಮುಂದೆ ಇಡಬೇಕೆನಿಸಿದೆ.

ಹಳೆಯ ತಾಮ್ರದ ತಂತಿಯ ದೂರವಾಣಿಯನ್ನು ನಾವೆಲ್ಲ ಬೈದವರೇ. ಆದರೂ ಅದಕ್ಕೊಂದು ಗುಣವಿತ್ತು. ಅದಕ್ಕೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ತಂತಿಯಲ್ಲಿ ಬರುತ್ತಿತ್ತು. ಮನೆಯಲ್ಲಿ ದೀಪವಿಲ್ಲದಿದ್ದರೂ ರಿಸೀವರ್ ಎತ್ತಿದರೆ ಸದ್ದು ಕೇಳುತ್ತಿತ್ತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಹಳ್ಳಿಗಳಿಗೆಂದು ರೂಪಿಸಿದ ಸಣ್ಣ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ. ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ, ಹಳ್ಳಿಯ ಧೂಳು ಬಿಸಿಲುಗಳ ನಡುವೆಯೇ ನಡೆಯುವಂತೆ ಅದನ್ನು ಮಾಡಿದ್ದರು. ಊರಿಗೆ ತಕ್ಕ ಯಂತ್ರ ಮಾಡಬೇಕು ಎಂಬ ಆ ಬುದ್ಧಿ ಇಂದಿಗೂ ಮಾದರಿ.

ಈಗ ತಾಮ್ರದ ಜಾಗಕ್ಕೆ ಫೈಬರ್ ಬಂದಿದೆ. ಮಾತು ಇಂಟರ್ನೆಟ್ಟಿನ ದಾರಿಯಲ್ಲೇ ಹೋಗುತ್ತದೆ. ಫೈಬರ್ ಸಂಪರ್ಕದ ಪೆಟ್ಟಿಗೆಯಲ್ಲಿ ಫೋನಿನ ಕಿಂಡಿ ಇದ್ದು, ಕಂಪನಿಯವರು ನಂಬರು ಕೊಟ್ಟಿದ್ದರೆ, ಅಟ್ಟದ ಮೇಲಿರುವ ಹಳೆಯ ಫೋನನ್ನೇ ಅದಕ್ಕೆ ಸಿಕ್ಕಿಸಬಹುದು. ಒತ್ತುವ ಗುಂಡಿಯದಾದರೆ ಸಾಮಾನ್ಯವಾಗಿ ಎರಡೂ ಕಡೆಯ ಮಾತು ನಡೆಯುತ್ತದೆ. ತಿರುಗಿಸುವ ಡಯಲಿನದಾದರೆ ಬಂದ ಕರೆ ಕೇಳಿಸಿದರೂ ಇಲ್ಲಿಂದ ಕರೆ ಹೋಗದಿರುವುದೇ ಹೆಚ್ಚು. ಇನ್ನೊಂದು ಅನುಕೂಲ ವೈಫೈ ಕರೆಯದು. ನಮ್ಮ ದೇಶದಲ್ಲಿ 2019ರ ಡಿಸೆಂಬರಿನಿಂದ ಆರಂಭವಾದ ಈ ಸೌಲಭ್ಯದಲ್ಲಿ, ಟವರಿನ ಸಿಗ್ನಲ್ ಇಲ್ಲದಿದ್ದರೂ ಮನೆಯ ವೈಫೈ ಮೂಲಕ ನಮ್ಮ ಮೊಬೈಲ್ ನಂಬರಿನಿಂದಲೇ ಮಾತಾಡಬಹುದು. ನಿಮ್ಮ ಹ್ಯಾಂಡ್‌ಸೆಟ್ಟಿಗೂ ಸಿಮ್ಮಿಗೂ ಅದು ಇದೆಯೇ ಎಂದು ಮಳೆ ಹಿಡಿಯುವ ಮೊದಲೇ ವಿಚಾರಿಸಿಟ್ಟುಕೊಳ್ಳಿ. ವಾಟ್ಸಾಪ್ ಕರೆ ಅಗ್ಗವೇನೋ ಸರಿ. ಆದರೆ ಅದರಿಂದ ತುರ್ತು ಸಂಖ್ಯೆ 112ಕ್ಕೆ ಕರೆ ಹೋಗುವುದಿಲ್ಲ ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ಇದ್ದರೂ ಕರೆಂಟು ಹೋದರೆ ಫೈಬರ್ ಫೋನೂ ಸತ್ತಂತೆಯೇ. ಎಕ್ಸ್‌ಚೇಂಜಿನವರು ಹೊರುತ್ತಿದ್ದ ಬ್ಯಾಟರಿಯ ಹೊಣೆ ಈಗ ನಮ್ಮ ತಲೆಯ ಮೇಲೆ ಬಂದಿದೆ. ಇದನ್ನು ತಿಳಿಯದೆ ಎಷ್ಟೋ ಮನೆಗಳವರು ಮಾಸಿಕ ಹಣ ಕಟ್ಟಿಯೂ ಬೇಕಾದ ಹೊತ್ತಿಗೆ ಫೋನಿಲ್ಲದೆ ಕೂರುತ್ತಾರೆ.

ಇನ್ನು ನಮ್ಮ ಕಥೆ. ಕೆಲವು ವರ್ಷಗಳ ಹಿಂದೆ, ಕಕ್ಕಡದ ಒಂದು ರಾತ್ರಿ, ನಮ್ಮ ಲೈನ್ ಮನೆಯ ಹಿಂದಿನ ಬರೆ ಜಾರಿತು. ಅಲ್ಲಿದ್ದವರ ಕೈಯಲ್ಲಿ ಮೊಬೈಲು ಇತ್ತು, ಸಿಗ್ನಲ್ ಇರಲಿಲ್ಲ. ಹುಡುಗನೊಬ್ಬ ಟಾರ್ಚ್ ಹಿಡಿದು, ತುಂಬಿದ ತೋಡು ದಾಟಿ ನಮ್ಮ ಬಾಗಿಲು ತಟ್ಟಿದ. ಯಾರಿಗೂ ಏನೂ ಆಗಲಿಲ್ಲವೆಂಬುದು ಪುಣ್ಯ. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಇನ್ವರ್ಟರ್, ಟಿ.ವಿ., ಫೈಬರ್ ಎಲ್ಲವೂ ಇದ್ದವು. ತೋಟದ ಮೇಲಿನ ತುದಿಯಲ್ಲಿ ಮಲಗುವವರಿಗೆ ಮಾತ್ರ ಕೂಗಿ ಕರೆಯುವ ದಾರಿಯೂ ಇರಲಿಲ್ಲ. ಇದು ನಮ್ಮದೇ ತಪ್ಪು. ಬೇರೆ ಯಾರ ಮೇಲೂ ಹಾಕುವಂತಿಲ್ಲ.

ಆಮೇಲೆ ನಾವು ಮಾಡಿದ್ದು ಇಷ್ಟು. ಅಂಗೈಯಗಲದ ಸಣ್ಣ ಕಂಪ್ಯೂಟರಿನಲ್ಲಿ ಆಸ್ಟರಿಸ್ಕ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ತೋಟದೊಳಗಿನ ಎಕ್ಸ್‌ಚೇಂಜು ಮಾಡಿಕೊಂಡೆವು. ಅಮೆರಿಕದ ಮಾರ್ಕ್ ಸ್ಪೆನ್ಸರ್ ಎಂಬ ಯುವಕ, ತನ್ನ ಸಣ್ಣ ಕಂಪನಿಗೆ ಎಕ್ಸ್‌ಚೇಂಜು ಕೊಳ್ಳುವಷ್ಟು ಹಣವಿಲ್ಲದೆ, 1999ರಲ್ಲಿ ತಾನೇ ಬರೆದ ಸಾಫ್ಟ್‌ವೇರ್ ಅದು. ಹಳೆಯ ಫೋನುಗಳನ್ನು ಈ ಜಾಲಕ್ಕೆ ಸೇರಿಸಲು ಅಡಾಪ್ಟರ್ ಎಂಬ ಚಿಕ್ಕ ಪೆಟ್ಟಿಗೆ ಸಾಕು. ಮನೆಗೆ 101, ಕಣಕ್ಕೆ 102, ಲೈನ್ ಮನೆಗೆ 103 ಎಂದು ನಂಬರು ಕೊಟ್ಟೆವು. ನೆಟ್‌ವರ್ಕ್ ತಂತಿ 100 ಮೀಟರಿಗಿಂತ ದೂರಕ್ಕೆ ಆಗದು. ಆದ್ದರಿಂದ ಲೈನ್ ಮನೆಗೆ ಫೈಬರ್ ಎಳೆದೆವು. ಲೋಹವಿಲ್ಲದ ಫೈಬರಿನಲ್ಲಿ ಸಿಡಿಲು ಹರಿದು ಬರುವುದಿಲ್ಲ. ಸಿಲ್ವರ್ ಓಕಿನ ಕೊಂಬೆ ಬೀಳುವುದೊಂದೇ ಭಯ. ಒಂದು ಮಾತುಕತೆಗೆ ಸೆಕೆಂಡಿಗೆ 100 ಕಿಲೋಬಿಟ್ಟೂ ಬೇಡ.

ಇದರ ಮುಖ್ಯ ಲಾಭ ಒಂದಿದೆ. ಹೊರಗಿನ ಫೈಬರ್ ಎಲ್ಲಿ ಕಡಿದು ಬಿದ್ದರೂ ತೋಟದೊಳಗಿನ ಫೋನು ನಿಲ್ಲುವುದಿಲ್ಲ. ಏಕೆಂದರೆ ಎಕ್ಸ್‌ಚೇಂಜು ನಮ್ಮ ಮನೆಯಲ್ಲೇ ಇದೆ.

ಬ್ಯಾಟರಿಯ ಲೆಕ್ಕವನ್ನೂ ಹೇಳಿಬಿಡುತ್ತೇವೆ. ಪೆಟ್ಟಿಗೆಗಳೂ ಕಂಪ್ಯೂಟರೂ ಸೇರಿ ಸುಮಾರು 20 ವ್ಯಾಟ್. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದರೂ 600 ವ್ಯಾಟ್-ಅವರ್ ಸಿಗುತ್ತದೆ. ಅಂದರೆ 30 ಗಂಟೆ. ಇನ್ವರ್ಟರ್ ಮೂಲಕ ಓಡಿಸಿದರೆ ಅದರ ಹೊಟ್ಟೆಗೇ ಒಂದು ಪಾಲು ಹೋಗುತ್ತದೆ. ವೋಲ್ಟೇಜು ಸ್ಥಿರವಾಗಿಡುವ ಸಣ್ಣ ಸಾಧನ ಹಾಕಿ ಬ್ಯಾಟರಿಯಿಂದ ನೇರ ಕೊಡುವುದೇ ಲೇಸು. ಲೈನ್ ಮನೆಯ ತುದಿಗೂ ಒಂದು ಸಣ್ಣ ಬ್ಯಾಟರಿ ಬೇಕು. ಗುಡುಗು ಶುರುವಾದಾಗ ಚಾರ್ಜರಿನ ಪ್ಲಗ್ ಕಿತ್ತಿಡಿ. ಫೋನು ಬ್ಯಾಟರಿಯ ಮೇಲೆ ನಡೆಯುತ್ತದೆ.

ಒಂದು ಎಚ್ಚರಿಕೆ. ಈ ವ್ಯವಸ್ಥೆ ಸ್ವಂತ ತೋಟದೊಳಗಿನ ಮಾತಿಗೆ. ಹೊರಗಿನ ಮಾತಿಗೆ ಕಂಪನಿಯ ಫೋನನ್ನೇ ಬೇರೆಯಾಗಿ ಇಟ್ಟುಕೊಳ್ಳಿ. ಹೊರದೇಶದ ಕರೆಗಳನ್ನು ಇಲ್ಲಿಯ ಸಿಮ್ಮಿಗೆ ಹಾಯಿಸಿ ದುಡ್ಡು ಮಾಡಬಹುದೆಂದು ಆಸೆ ತೋರಿಸುವವರಿದ್ದಾರೆ. ಪರವಾನಗಿಯಿಲ್ಲದೆ ಅದನ್ನು ಮಾಡುವುದು ಅಪರಾಧ. ಅಂಥವರನ್ನು ಗೇಟಿನ ಹೊರಗೇ ನಿಲ್ಲಿಸುವುದು ಕ್ಷೇಮ.

“ಎಲ್ಲರ ಕೈಯಲ್ಲೂ ಮೊಬೈಲು ಇರುವಾಗ ಇದೆಲ್ಲ ಯಾಕೆ?” ಎಂದು ಕೇಳುವ ಸದಸ್ಯರು ಇದ್ದೇ ಇರುತ್ತಾರೆ. 2018ರ ಆಗಸ್ಟನ್ನು ಕೊಡಗು ಮರೆಯಲಾರದು. 2019ರ ಆಗಸ್ಟಿನಲ್ಲಿ ಕೋರಂಗಾಲ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ: ಎರಡೂ ಕಡೆ ಗುಡ್ಡ ಕುಸಿದು ಪ್ರಾಣಹಾನಿಯಾಯಿತು. ಫೋನಿದ್ದರೆ ಗುಡ್ಡ ನಿಲ್ಲುತ್ತದೆಂದು ನಾವು ಹೇಳುವುದಿಲ್ಲ. ಆದರೆ ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾದುದು, ಬರೆ ಬಿರುಕು ಬಿಟ್ಟದ್ದು ಮೊದಲು ಕಾಣುವುದು ಮೇಲೆ ವಾಸಿಸುವವರಿಗೆ. ಆ ಮಾತು ಕೆಳಗಿನವರಿಗೆ ತಲುಪಲು ದಾರಿ ಬೇಡವೇ?

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ 2 ಗಂಟೆಗೆ 103ರಿಂದ ಕರೆ ಬಂತು. “ಅಮ್ಮಾ, ತೋಡಿನ ನೀರು ಕೆಸರಾಗಿದೆ,” ಎಂದರು. ಎರಡು ಕುಟುಂಬಗಳನ್ನು ಮನೆಗೆ ಕರೆತಂದು ಹಜಾರದಲ್ಲಿ ಮಲಗಿಸಿದೆವು. ಬೆಳಿಗ್ಗೆ ನೋಡಿದರೆ ಗುಡ್ಡ ಇದ್ದ ಹಾಗೆಯೇ ಇತ್ತು. ಎಲ್ಲರೂ ಕಾಫಿ ಕುಡಿದು ಕೆಲಸಕ್ಕೆ ಹೊರಟರು. ಏನೂ ಆಗಲಿಲ್ಲವೆಂದು ಖರ್ಚು ದಂಡವಾಯಿತೆಂದು ನಮಗೆ ಅನಿಸಲಿಲ್ಲ. ಅಡಿಕೆಗೆ ಬೋರ್ಡೋ ಹೊಡೆದ ವರ್ಷ ಕೊಳೆ ಬಾರದಿದ್ದರೆ ಔಷಧಿ ವ್ಯರ್ಥವಾಯಿತೆಂದು ಯಾರೂ ಅಳುವುದಿಲ್ಲವಲ್ಲ!

ಸಂಘದ ಮುಂದೆ ನಮ್ಮ ಸೂಚನೆಗಳು ಮೂರು. ಫೈಬರ್ ಬಾರದ ರಸ್ತೆಗಳ ಬೆಳೆಗಾರರು ಒಬ್ಬೊಬ್ಬರಾಗಿ ಅಲೆಯುವ ಬದಲು ಸಂಘದ ಮೂಲಕ ಒಟ್ಟಾಗಿ ಅರ್ಜಿ ಕೊಡಲಿ. ಅಡಾಪ್ಟರ್, ಬ್ಯಾಟರಿಗಳನ್ನು ಗೊಬ್ಬರದಂತೆಯೇ ಒಟ್ಟಿಗೆ ಖರೀದಿಸಿ ಸದಸ್ಯರಿಗೆ ಹಂಚಲಿ. ಊರಿನ ಇಬ್ಬರು ತರುಣರಿಗೆ ಇದನ್ನು ಕೂಡಿಸುವ, ರಿಪೇರಿ ಮಾಡುವ ಕೆಲಸ ಕಲಿಸಲಿ. ಅವರಿಗೂ ಊರಿನಲ್ಲೇ ನಾಲ್ಕು ಕಾಸಿನ ದುಡಿಮೆಯಾದೀತು.

ಆದರೆ ಸಂಘ ಏನೇ ಮಾಡಲಿ, ಮಾಡದಿರಲಿ, ಫೋನು ಹಾಕಿಸುವವರು ಮೊದಲನೆಯದನ್ನು ಲೈನ್ ಮನೆಯಲ್ಲಿ ಹಾಕಿಸಿ, ಎರಡನೆಯದನ್ನು ತಮ್ಮ ಚಾವಡಿಯಲ್ಲಿ ಇಟ್ಟುಕೊಳ್ಳಲಿ ಎಂದು ಬೆಳೆಗಾರ ಬಂಧುಗಳಲ್ಲಿ ನಮ್ಮ ವಿನಂತಿ.