ಶಿವಮೊಗ್ಗಕ್ಕೆ ಮೇಪಲ್ ಎಲೆ ಎಲ್ಲಿಂದ ಬಂತು?

(1)

ಮೊದಲ ಫೋಟೋ ನೋಡಿದ್ರಾ? ಕೇಸರಿ ಫೋಮ್ ಶೀಟಲ್ಲಿ ಕತ್ತರಿಸಿದ ಐದು ಮೇಪಲ್ ಎಲೆ, ಒಂದು ಕಂದು ಕೊಂಬೆ, ಕೆಳಗೆ ಗ್ಲಿಟರ್‌ನಲ್ಲಿ ‘ಹ್ಯಾಪಿ ಆಟಮ್’. ಚೆನ್ನಾಗಿದೆ ಅಲ್ವಾ? ಚೆನ್ನಾಗೇ ಇರುತ್ತೆ, ಮಾಡಿದ್ದು ನಾನು. ರಾತ್ರಿ ಹನ್ನೊಂದೂವರೆವರೆಗೆ ಕೂತು ಮಾಡಿದ್ದು. ಮಾಡಬೇಕಾಗಿದ್ದವನು ನನ್ನ ಅಕ್ಕನ ಮಗ. ಆರು ವರ್ಷ, ಒಂದನೇ ಕ್ಲಾಸು. ಪಕ್ಕದ ಚಾಪೆ ಮೇಲೆ ಬಾಯಿ ತೆರೆದು ನಿದ್ದೆ ಹೊಡೀತಿದ್ದ.

ದಸರಾ ರಜೆಗೆ ಮುಂಚೆ ಶಾಲೆಯಿಂದ ವಾಟ್ಸಾಪ್ ಬಂತು: ‘ಆಟಮ್ ಸೀಸನ್ ಕ್ರಾಫ್ಟ್, ನಾಡಿದ್ದು ತರಬೇಕು, ನೀಟಾಗಿರಬೇಕು.’ ಯಾವ ಶಾಲೆ ಅಂತ ಕೇಳ್ಬೇಡಿ, ಹೇಳಲ್ಲ. ನಿಮ್ಮ ಬೀದಿಯ ಶಾಲೆಯ ಗ್ರೂಪಲ್ಲೂ ಇದೇ ಮೆಸೇಜು ಬಂದಿರುತ್ತೆ.

ಮಾರನೇ ದಿನ ಅವನು ಮನೆಗೆ ಬಂದು ಅಂಗೈ ತೋರಿಸಿದ. ಅಂಗೈ ಮೇಲೆ ಟೀಚರ್ ಹಾಕಿದ ಸ್ಟಾರ್.

“ಚಿಕ್ಕಿ, ನಿಂಗೆ ಸ್ಟಾರ್ ಬಂತು.”

ಆರು ವರ್ಷದ ಹುಡುಗನಿಗೆ ಲೆಕ್ಕ ಸರಿಯಾಗೇ ಗೊತ್ತಿದೆ. ನಮಗೆ ಮಾತ್ರ ಗೊತ್ತಿಲ್ಲ.

(2)

ಬಿಕಾಂ ಓದ್ತಿದ್ದೀನಿ ಅಂದಮೇಲೆ ಕಾಸ್ಟ್ ಶೀಟ್ ಹಾಕದೆ ಬಿಡೋಕಾಗುತ್ತಾ. ಫೋಮ್ ಶೀಟ್ 120, ಗ್ಲೂ ಗನ್ ಕಡ್ಡಿ 40, ಗ್ಲಿಟರ್ 60, ದಪ್ಪ ಕಾರ್ಡು 30. ಒಟ್ಟು 250 ರೂಪಾಯಿ. ಡೈರೆಕ್ಟ್ ಲೇಬರ್ ಮೂರು ಗಂಟೆ, ನನ್ನದು. ಮಗುವಿನ ಲೇಬರ್ ಸೊನ್ನೆ.

ಪೂರ್ತಿ ಸೊನ್ನೆ ಅಂದ್ರೆ ತಪ್ಪಾಗುತ್ತೆ. ಮಲಗೋ ಮುಂಚೆ ಒಂದು ಎಲೆ ಅಂಟಿಸಿದ್ದ. ತಲೆಕೆಳಗಾಗಿ, ತೊಟ್ಟು ಆಕಾಶಕ್ಕೆ. ಅವನು ಮಲಗಿದ ಮೇಲೆ ನಾನು ಅದನ್ನ ಕಿತ್ತು ಸರಿಯಾಗಿ ಅಂಟಿಸಿದೆ. ಈ ಇಡೀ ಸರಣಿ ಬರೀತಿರೋದು ಆ ಒಂದು ಎಲೆಗೋಸ್ಕರ.

ಇನ್ನು ಸ್ಕ್ರ್ಯಾಪ್ ವ್ಯಾಲ್ಯೂ. ಫೋಮ್ ಮಣ್ಣಲ್ಲಿ ಕೊಳೆಯಲ್ಲ. ಗ್ಲಿಟರ್ ಅಂದ್ರೆ ಬಹುಪಾಲು ಪ್ಲಾಸ್ಟಿಕ್ ಹಾಳೆಯ ಪುಡಿ, ಗುಡಿಸಿದಷ್ಟೂ ಸಿಗುತ್ತೆ. ನಮ್ಮನೆ ಚಾಪೆಯಲ್ಲಿ ಈಗಲೂ ಮಿನುಗ್ತಿದೆ. ರಜೆ ಮುಗಿದು ಹೋಗುವಷ್ಟರಲ್ಲಿ ಆ ‘ಹ್ಯಾಪಿ ಆಟಮ್’ ಶಾಲೆಯ ಕಸದ ಡಬ್ಬಿಯಲ್ಲಿರುತ್ತೆ, ಬೆಟ್ ಕಟ್ತೀನಿ.

ಈಗ ನನ್ನ ಕ್ಲಾಸಿನವರೇ, ನಿಮ್ಮ ಕಡೆ ತಿರುಗ್ತೀನಿ. ಹೋದ ವರ್ಷ ಕಾಮರ್ಸ್ ಫೆಸ್ಟಲ್ಲಿ ನಮ್ಮ ಗುಂಪು ಸ್ಟಾಲ್ ಹಾಕಿದ್ದು ನೆನಪಿದೆಯಾ? ‘ಆಟಮ್ ಕ್ರಾಫ್ಟ್ ಕಿಟ್’, ಬೆಲೆ 199. ಒಳಗಿದ್ದ ಸಾಮಾನು 62 ರೂಪಾಯಿದು. ಬೆಲೆ ನಿಗದಿ ಮಾಡಿದ್ದು ಯಾರು? ನಾನೇ. ಮಧ್ಯಾಹ್ನದೊಳಗೆ ಎಲ್ಲ ಖಾಲಿ. ತಗೊಂಡವರೆಲ್ಲ ಅಮ್ಮಂದಿರು, ‘ನಮ್ಮ ಮಗುದು ಬೇರೆಯವರ ಮಗುದಕ್ಕಿಂತ ಕಮ್ಮಿ ಕಾಣಬಾರದು’ ಅನ್ನೋ ಹೆದರಿಕೆಯಲ್ಲಿ ಪರ್ಸ್ ತೆಗೆದವರು. ನಮ್ಮ ಮಾರ್ಜಿನ್ ಪೂರ್ತಿ ಆ ಹೆದರಿಕೆಯಿಂದ ಬಂದದ್ದು. ಈ ವರ್ಷ ಮತ್ತೆ ಅದೇ ಸ್ಟಾಲ್ ಹಾಕೋಣ ಅಂತ ಗ್ರೂಪಲ್ಲಿ ಮೆಸೇಜ್ ಬಿದ್ದಿದೆ. ನಾನಿಲ್ಲ. ಯಾಕಿಲ್ಲ ಅಂತ ಫೋನಲ್ಲಿ ಹೇಳಿದ್ರೆ ಜಗಳ ಆಗುತ್ತೆ, ಅದಕ್ಕೆ ಇಲ್ಲಿ ಬರೀತಿದ್ದೀನಿ. ಜಗಳ ಇಲ್ಲೇ ಆಗಲಿ.

(3)

ಮೇಪಲ್ ಎಲೆ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ದೊಡ್ಡಪ್ಪನ ಮಗಳು ಟೊರೊಂಟೊದಲ್ಲಿದ್ದಾಳೆ. ಅವಳ ಮಗಳು ಅಕ್ಟೋಬರಲ್ಲಿ ಮನೆ ಮುಂದೆ ಬಿದ್ದ ಎಲೆ ಆರಿಸ್ತಾಳೆ, ದಪ್ಪ ಪುಸ್ತಕದಲ್ಲಿಟ್ಟು ಒಣಗಿಸ್ತಾಳೆ, ಅಂಟು ಹಚ್ಚಿ ಗೂಬೆ ಮಾಡ್ತಾಳೆ. ಖರ್ಚು ಸೊನ್ನೆ. ಅಲ್ಲಿ ಹಗಲು ಕಿರಿದಾಗಿ ಚಳಿ ಹೆಚ್ಚಾದ ಹಾಗೆ ಎಲೆಯ ಹಸಿರು ಅಂಶ ಒಡೆದುಹೋಗುತ್ತೆ, ಮುಚ್ಚಿಟ್ಟಿದ್ದ ಹಳದಿ ಹೊರಗೆ ಕಾಣುತ್ತೆ, ಮೇಪಲ್‌ನಲ್ಲಿ ಕೆಂಪು ಬಣ್ಣ ಹೊಸದಾಗೇ ಹುಟ್ಟುತ್ತೆ. ಆ ಮಗು ಅದನ್ನ ಕಣ್ಣಾರೆ ನೋಡ್ತಿದೆ. ಕೈಯಲ್ಲಿರೋದು ಅವಳ ಅಂಗಳದ ಕಸ.

ನಮ್ಮ ಹುಡುಗ ಕೇಳಿದ: “ಚಿಕ್ಕಿ, ಈ ಎಲೆ ಎಲ್ಲಿ ಬಿದ್ದಿರುತ್ತೆ?” ನಾನು ಸ್ಟೇಷನರಿ ಅಂಗಡಿ ಹೆಸರು ಹೇಳಿದೆ. ಬೇರೆ ಏನು ಹೇಳಲಿ?

ಕಿಟಕಿ ಆಚೆ ನೋಡಿ ಸ್ವಲ್ಪ. ಅಕ್ಟೋಬರಲ್ಲಿ ಮಲೆನಾಡಲ್ಲಿ ಎಲೆ ಎಲ್ಲಿ ಉದುರುತ್ತೆ? ಮಳೆ ಈಗಷ್ಟೇ ಹಿಂದೆ ಸರಿದಿದೆ, ಎಲ್ಲ ಹಸಿರೋ ಹಸಿರು. ನಮ್ಮ ತೇಗ ಬೋಳಾಗಿ ನಿಲ್ಲೋದು ಚಳಿ ಕಳೆದು ಬಿಸಿಲು ಏರುವಾಗ. ಎಲೆ ಉದುರೋ ಕಾಲ ನಮಗೆ ಶಿಶಿರ. ಶರದೃತು ಅಂದ್ರೆ ಆಶ್ವಯುಜ, ಕಾರ್ತಿಕ. ಆಕಾಶ ತೊಳೆದಿಟ್ಟ ಹಾಗೆ ಇರುತ್ತೆ, ಬೆಳಗ್ಗೆ ಎದ್ದರೆ ಪಾರಿಜಾತ ನೆಲದ ಮೇಲೆ, ಮಾರ್ಕೆಟ್ಟಲ್ಲಿ ಚೆಂಡುಹೂವಿನ ರಾಶಿ, ಗದ್ದೆಯಲ್ಲಿ ಭತ್ತ ಹೊಡೆ ತುಂಬ್ತಿರುತ್ತೆ. ಅವರದು ಉದುರುವ ಕಾಲ, ನಮ್ಮದು ತುಂಬುವ ಕಾಲ. ಎರಡಕ್ಕೂ ಒಂದೇ ಇಂಗ್ಲಿಷ್ ಹೆಸರು ಅಂಟಿಸಿ, ಆರು ವರ್ಷದ ಮಗುವಿಗೆ ‘ನಿನ್ನ ಕಣ್ಣು ತಪ್ಪು, ಚಾರ್ಟು ಸರಿ’ ಅಂತ ಹೇಳಿಕೊಡ್ತಿದ್ದೀವಿ. ನನಗೆ ಸಿಟ್ಟು ಬರೋದು ಇಲ್ಲಿ.

(4)

ಈಗ ನಾಲ್ಕನೇ ಫೋಟೋ. ಬುಟ್ಟಿ.

ಇದು ಭೂಮಣ್ಣಿ ಬುಟ್ಟಿ. ಸಾಗರ, ಸೊರಬ, ಸಿದ್ದಾಪುರದ ಕಡೆಯ ದೀವರ ಮನೆಯವರಿಗೆ ಗೊತ್ತಿರುತ್ತೆ, ಉಳಿದವರಿಗೆ ಹೇಳ್ತೀನಿ. ಬನ್ನಿ ಹಬ್ಬ ಮುಗಿದು ಐದನೇ ದಿನ ಭೂಮಿ ಹುಣ್ಣಿಮೆ. ಸೀಗಿ ಹುಣ್ಣಿಮೆ ಅಂತ ಕೆಲವರು ಕರೆಯೋದು ಇದನ್ನೇ. ಭತ್ತ ಬಸುರಿ, ಭೂಮಿ ತಾಯಿ ಬಸುರಿ, ಅವಳಿಗೆ ಬಯಕೆ ಊಟ. ಹಿಂದಿನ ರಾತ್ರಿ ಹೆಂಗಸರು ಮಲಗಲ್ಲ. ಅಡುಗೆ, ಕಡುಬು, ಹಲವು ಸೊಪ್ಪು ಕೂಡಿಸಿದ ಹಚ್ಚಂಬಲಿ. ಬೆಳಕು ಹರಿಯೋ ಮುಂಚೆ ಎಲ್ಲ ಬುಟ್ಟಿಗೆ ತುಂಬಿ, ಗಂಡಸರು ತಲೆ ಮೇಲೆ ಹೊತ್ತು ಗದ್ದೆಗೆ ಹೊರಡ್ತಾರೆ. ಗದ್ದೆ ತುಂಬ ಹಚ್ಚಂಬಲಿ ಬೀರ್ತಾರೆ. ಪೂಜೆ ಮಾಡೋ ಭತ್ತದ ಸಸಿಗೆ ಮನೆಯ ಹೆಂಗಸಿನ ಸರ ತೊಡಿಸ್ತಾರೆ. ಚಿಕ್ಕವಳಿದ್ದಾಗ ನನಗೆ ಅದು ಬಹಳ ತಮಾಷೆ ಅನ್ನಿಸ್ತಿತ್ತು, ಗಿಡ ಸರ ಹಾಕ್ಕೊಂಡು ನಿಂತಿದೆ ಅಂತ.

ಆ ಊಟ ಹೊರೋ ಬುಟ್ಟಿಗೆ ಮೈಗೆಲ್ಲ ಸಗಣಿ ಬಳಿದು ಒಣಗಿಸಬೇಕು. ಅದರ ಮೇಲೆ ಕೆಮ್ಮಣ್ಣು. ಅದೂ ಒಣಗಿದ ಮೇಲೆ ಅಕ್ಕಿ ನೆನೆಸಿ ಅರೆದ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಗೆರೆ. ಮದುವೆ ಮನೆ ಗೋಡೆ ಮೇಲೆ ಬರೆಯೋ ಹಸೆ ಚಿತ್ತಾರದ ಕೈಯೇ ಇದಕ್ಕೂ. ನಮ್ಮಜ್ಜಿ ಗೆರೆ ಎಳೆಯುವಾಗ ಉಸಿರು ಹಿಡೀತಾಳೆ. ಒಂದು ಗೆರೆ ಮುಗಿದ ಮೇಲೆ ಬಿಡ್ತಾಳೆ. ಸ್ಕೇಲ್ ಇಲ್ಲ, ಪೆನ್ಸಿಲ್ ಗುರುತಿಲ್ಲ.

ಈಗ ನನ್ನ ಕಥೆ. ಏಳನೇ ಕ್ಲಾಸಲ್ಲಿದ್ದಾಗ ಅಜ್ಜಿ ನನ್ನ ಕರೆದು ಕೂರಿಸಿಕೊಂಡ್ಲು, ‘ಬಾ ಮಗಾ, ಈ ಬದಿ ನೀನು ಬರಿ’ ಅಂದ್ಲು. ನಾನು ಹೋಗಲಿಲ್ಲ. ಕೈ ಸಗಣಿ ವಾಸನೆ ಬರುತ್ತೆ, ನಾಳೆ ಶಾಲೆಯಲ್ಲಿ ನಗ್ತಾರೆ ಅಂದೆ. ಅವಳೇನೂ ಅನ್ನಲಿಲ್ಲ. ಪೂರ್ತಿ ಬುಟ್ಟಿ ಒಬ್ಬಳೇ ಬರೆದಳು. ಆವತ್ತು ಒಳಗೆ ಕೂತು ನಾನೇನು ಮಾಡ್ತಿದ್ದೆ ಗೊತ್ತಾ? ಥರ್ಮಾಕೋಲಲ್ಲಿ ಇಗ್ಲೂ. ಶಾಲೆಯ ಪ್ರಾಜೆಕ್ಟು. ಸಾಗರ ತಾಲ್ಲೂಕಲ್ಲಿ ಕೂತು ಇಗ್ಲೂ!

ಈಗ ಅಜ್ಜಿಯ ಬಲಗೈ ನಡುಗುತ್ತೆ. ಹೋದ ವರ್ಷದ ಬುಟ್ಟಿಯಲ್ಲಿ ಗೆರೆ ಅಲ್ಲಲ್ಲಿ ದಪ್ಪ ಆಗಿದೆ, ಫೋಟೋ ದೊಡ್ಡದು ಮಾಡಿ ನೋಡಿ. ನಮ್ಮನೇಲಿ ಅವಳ ನಂತರ ಗೆರೆ ಎಳೆಯೋರು ಯಾರೂ ಇಲ್ಲ. ಅಮ್ಮನಿಗೆ ಅರ್ಧ ಬರುತ್ತೆ, ನನಗೆ ಬರಲ್ಲ.

(5)

‘ಬೈದಿದ್ದು ಸಾಕು, ಏನು ಮಾಡಬೇಕು ಹೇಳು’ ಅಂತೀರಿ. ಹೇಳ್ತೀನಿ. ಮನೇಲಿ ತಮ್ಮ, ತಂಗಿ, ಅಕ್ಕನ ಮಕ್ಕಳು ಇರೋರು ಮಾತ್ರ ಕೇಳಿ.

ರಾಗಿ. ಒಂದು ಹಿಡಿ ರಾಗಿ ರಾತ್ರಿ ನೆನೆಹಾಕಿ. ಹಳೇ ತಟ್ಟೆಯಲ್ಲಿ ಎರಡು ಬೆರಳು ಮಣ್ಣು ಹರಡಿ, ಮಗುವಿನ ಕೈಯಲ್ಲೇ ಚೆಲ್ಲಿಸಿ. ಮೇಲೆ ತೆಳ್ಳಗೆ ಮಣ್ಣು, ದಿನಕ್ಕೆರಡು ಸಲ ನೀರು ಚಿಮುಕಿಸಿದ್ರೆ ಸಾಕು. ಮೈಸೂರು ಕಡೆ ಗೊಂಬೆ ಕೂರಿಸೋರ ಮನೆಯ ಪಾರ್ಕು ಇದೇ. ನಾಲ್ಕೈದು ದಿನದಲ್ಲಿ ಹಸಿರು ಹಾಸು. ಬೆಂಕಿಪೊಟ್ಟಣದ ಮನೆ ಇಡಿ, ಗುಂಡಿಯ ಚಕ್ರದ ಗಾಡಿ ಇಡಿ. ನಮ್ಮ ಹುಡುಗ ಅದರೊಳಗೆ ಒಂದು ಪ್ಲಾಸ್ಟಿಕ್ ಡೈನೋಸಾರ್ ನಿಲ್ಲಿಸಿದ್ದಾನೆ. ಇರಲಿ ಬಿಡಿ, ಅವನ ಪಾರ್ಕು.

ಗೆಜ್ಜೆವಸ್ತ್ರ. ಹತ್ತಿ ಎಳೆದು, ಅಲ್ಲಲ್ಲಿ ನೀರು ಮುಟ್ಟಿದ ಬೆರಳಲ್ಲಿ ಹೊಸೆದು, ಹೊಸೆದ ಕಡೆ ಕುಂಕುಮ. ಮಗು ಮಾಡಿದ್ರೆ ಒಂದು ಗೆಜ್ಜೆ ಲಿಂಬೆಹಣ್ಣಿನಷ್ಟು, ಇನ್ನೊಂದು ಸಾಸಿವೆಯಷ್ಟು ಬರುತ್ತೆ. ದೇವರಿಗೆ ಅದರಿಂದ ಏನೂ ತೊಂದರೆ ಇಲ್ಲ.

ದೀಪಾವಳಿಗೆ ಗೂಡುದೀಪ. ಆಕಾಶಬುಟ್ಟಿ ಅಂತಲೂ ಅನ್ನಿ. ಬಿದಿರು ಕಡ್ಡಿ ಕಟ್ಟೋದು ದೊಡ್ಡವರ ಕೆಲಸ, ಬ್ಲೇಡು ಚಾಕು ಮಕ್ಕಳ ಕೈಗೆ ಬೇಡ. ಬಣ್ಣದ ಕಾಗದ ಹರಿಯೋದು, ಮೈದಾ ಗಂಜಿ ಹಚ್ಚೋದು, ಬಾಲ ಕತ್ತರಿಸೋದು ಪೂರ್ತಿ ಅವರಿಗೇ ಬಿಡಿ. ಒಳಗೆ ಮೇಣದ ಬತ್ತಿ ಬೇಡ, ಸಣ್ಣ ಎಲ್‌ಇಡಿ ಬಲ್ಬ್ ಹಾಕಿ.

ಬುಟ್ಟಿ ಸಿಗದಿದ್ರೆ ಶೂ ಡಬ್ಬಿಗೂ ಕೆಮ್ಮಣ್ಣು ಬಳೀಬಹುದು. ಸಗಣಿ ಕಷ್ಟ ಅನ್ನಿಸಿದ್ರೆ ಬಿಡಿ, ನಾನೂ ಬಿಟ್ಟವಳೇ. ಮಣ್ಣು ಜರಡಿ ಹಿಡಿದು ನೀರಲ್ಲಿ ಕಲಸಿ, ಒಣಗೋವರೆಗೆ ಕಾಯಬೇಕು. ಮಕ್ಕಳಿಗೆ ಇದೊಂದೇ ಕಷ್ಟ. ನಮ್ಮವನು ಹತ್ತು ನಿಮಿಷಕ್ಕೊಮ್ಮೆ ಬೆರಳಿಟ್ಟು ನೋಡ್ತಿದ್ದ, ಬೆರಳಚ್ಚುಗಳೆಲ್ಲ ಹಾಗೇ ಕೂತಿವೆ. ಆಮೇಲೆ ಅಕ್ಕಿ ಹಿಟ್ಟಿನ ನೀರು, ಪೊರಕೆ ಕಡ್ಡಿಯ ತುದಿ ಜಜ್ಜಿದ ಕುಂಚ.

ಒಂದೇ ಷರತ್ತು: ನೀವು ಸರಿ ಮಾಡೋಕೆ ಹೋಗಬೇಡಿ. ಕೈ ಕಟ್ಟಿಕೊಂಡು ಕೂತ್ಕೊಳ್ಳಿ.

(6)

ಮೊದಲ ಪೋಸ್ಟಿಗೇ ಬಂದ ಕಾಮೆಂಟ್‌ಗಳಿಗೆ ಉತ್ತರ.

‘ಮಕ್ಕಳಿಗೆ ಗ್ಲೋಬಲ್ ಎಕ್ಸ್‌ಪೋಷರ್ ಬೇಡ್ವಾ?’ ಬೇಕು. ಕೆನಡಾದ ಎಲೆ ಯಾಕೆ ಕೆಂಪಾಗುತ್ತೆ ಅಂತ ಫೋಟೋ ತೋರಿಸಿ ಹೇಳಿಕೊಡಿ, ಚೆನ್ನಾಗಿರುತ್ತೆ. ಫೋಮ್ ಕತ್ತರಿಸಿದ್ರೆ ಅದು ಎಕ್ಸ್‌ಪೋಷರ್ ಹೇಗಾಗುತ್ತೆ, ನನಗಂತೂ ಅರ್ಥ ಆಗಿಲ್ಲ.

‘ಅಮ್ಮ ಅಪ್ಪ ಇಬ್ಬರೂ ಕೆಲಸಕ್ಕೆ ಹೋಗ್ತಾರೆ, ಟೈಮ್ ಎಲ್ಲಿದೆ?’ ನಮ್ಮಕ್ಕನೂ ಹೋಗ್ತಾಳೆ. ಆ ಮೂರು ಗಂಟೆ ರಾತ್ರಿ ಎಲ್ಲಿಂದ ಬಂತು ಹಾಗಾದ್ರೆ? ರಾಗಿ ಬಿತ್ತೋಕೆ ಹತ್ತು ನಿಮಿಷ ಸಾಕು.

ಮೂರನೇದು ಗಟ್ಟಿ ಪ್ರಶ್ನೆ, ಅದನ್ನ ತಳ್ಳಿಹಾಕಲ್ಲ: ‘ಬುಟ್ಟಿ ನಿಮ್ಮ ಜನರ ಹಬ್ಬದ್ದು, ಗೆಜ್ಜೆವಸ್ತ್ರ ಪೂಜೆದು. ಕ್ಲಾಸಲ್ಲಿ ಎಲ್ಲರ ಮಕ್ಕಳೂ ಇರ್ತಾರೆ. ಮೇಪಲ್ ಎಲೆಗೆ ಜಾತಿ ಧರ್ಮ ಇಲ್ಲ.’ ಹೌದು. ಒಂದು ಮನೆಯ ಹಬ್ಬವನ್ನ ಶಾಲೆ ಎಲ್ಲರಿಗೂ ಹೋಮ್‌ವರ್ಕ್ ಕೊಡಬಾರದು, ನಾನೂ ಒಪ್ತೀನಿ. ಬುಟ್ಟಿ ನಮ್ಮನೆಯಲ್ಲಿರಲಿ, ನಿಮ್ಮನೆಯಲ್ಲಿ ಏನಿದೆಯೋ ಅದನ್ನ ಹುಡುಕಿ. ಆದರೆ ಎಲ್ಲರಿಗೂ ಸೇರಿದ್ದು ಬೇಕು ಅಂದ್ರೆ ಕೆನಡಾಕ್ಕೇ ಯಾಕೆ ಹೋಗಬೇಕು? ನನ್ನ ಬೆಂಚಿನ ಗೆಳತಿಯ ಮನೆಯ ಹಬ್ಬಗಳೇ ಬೇರೆ, ಅವಳ ತಮ್ಮನೂ ಮೊನ್ನೆ ಐಸ್‌ಕ್ರೀಮ್ ಡಬ್ಬಿಯಲ್ಲಿ ರಾಗಿ ಬಿತ್ತಿದ್ದಾನೆ. ಫೋಟೋ ಕಳಿಸಿದ್ದಾಳೆ, ನಮ್ಮದಕ್ಕಿಂತ ದಟ್ಟವಾಗಿ ಬಂದಿದೆ. ಹೊಟ್ಟೆಕಿಚ್ಚು ಆಯ್ತು, ನಿಜ ಹೇಳ್ತೀನಿ.

ಟೀಚರುಗಳ ಮೇಲೂ ಪೂರ್ತಿ ತಪ್ಪು ಹಾಕಲ್ಲ. ಅವರಿಗೂ ಮೇಲಿಂದ ಬಂದ ಪಟ್ಟಿ, ಡಿಸ್‌ಪ್ಲೇ ಬೋರ್ಡು, ಫೋಟೋ ಅಪ್‌ಲೋಡ್. ‘ನೀಟಾಗಿರಬೇಕು’ ಅನ್ನೋ ಒಂದು ಸಾಲು ಅಳಿಸಿ ‘ಮಗುವೇ ಮಾಡಿರಬೇಕು’ ಅಂತ ಬರೆದ್ರೆ ಅರ್ಧ ರೋಗ ವಾಸಿ. ಅಕ್ಕನ ಕೈಲಿ ಇದನ್ನೇ ಗ್ರೂಪಲ್ಲಿ ಹಾಕಿಸಿದೆ. ಹದಿನಾಲ್ಕು ಜನ ನೋಡಿದ್ದಾರೆ, ಇಬ್ಬರು ಹೆಬ್ಬೆರಳು ಎತ್ತಿದ್ದಾರೆ, ಟೀಚರ್ ಉತ್ತರ ಬಂದಿಲ್ಲ.

(7)

ಕೊನೆಯ ಫೋಟೋ ನಿನ್ನೆದು, ಅಜ್ಜಿ ಮನೆ ಜಗಲಿ. ಹುಣ್ಣಿಮೆಗೆ ಇನ್ನು ಎರಡು ದಿನ. ಬುಟ್ಟಿಯ ಒಂದು ಬದಿ ಅಜ್ಜಿದು, ನಡುವೆ ನನ್ನದು, ಕೆಳಗೆ ಹುಡುಗನಿಗೆ ಕೈಯಗಲ ಜಾಗ. ನನ್ನ ಗೆರೆ ನೋಡಿ ಅಜ್ಜಿ ನಕ್ಕಳು. ‘ಹಾವು ಹರಿದಂಗಿದೆ’ ಅಂದ್ಲು. ಹುಡುಗನದು ಅದಕ್ಕಿಂತ ಸೊಟ್ಟ. ಭತ್ತದ ಸಸಿ ಅಂತ ಶುರು ಮಾಡಿ ಅದಕ್ಕೆ ಬಾಲ ಬರೆದಿದ್ದಾನೆ. ನಾನು ಮುಟ್ಟಿಲ್ಲ. ಎರಡು ಸಲ ಕೈ ಹೋಯ್ತು, ಅಜ್ಜಿ ಕಣ್ಣಲ್ಲೇ ಬೇಡ ಅಂದ್ಲು.

ಸ್ಟಾಲಿನ ಹುಡುಗರೇ, ನನ್ನ ಪಾಲಿನ ಬಂಡವಾಳ ವಾಪಸ್ ಬೇಡ, ಆದರೆ ಕಿಟ್ ಮೇಲೆ ನನ್ನ ಡಿಸೈನ್ ಹಾಕಬೇಡಿ. ಸಾಗರ, ಸೊರಬದ ಕಡೆಯವರೇ, ಪುಂಡಿ ನಾರು ಎಲ್ಲಾದ್ರೂ ಸಿಗುತ್ತಾ ಹೇಳಿ. ಅಜ್ಜಿ ಹತ್ರ ಇದ್ದ ಕುಂಚ ನಾನು ಒತ್ತಿ ಒತ್ತಿ ಬರೆದು ಮುರಿದುಹಾಕಿದೆ, ಇನ್ನೊಂದು ಬದಿ ಹಾಗೇ ಬಾಕಿ ಇದೆ.

#ಭೂಮಿಹುಣ್ಣಿಮೆ #ನಮ್ಮಶರತ್ಕಾಲ #ಮಗುವೇಮಾಡಲಿ